ನಾಳೆ ಏನೋ ಎಂಬ ಭಯದಲ್ಲಿ ಕ್ರಿಸ್ತನ ಸಮಾಧಾನ: ಹೆಜ್ಜೆ ಹೆಜ್ಜೆಯಾಗಿ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಯಲ್ಲಿ ಕೆಲಸ ಹೋಗಿ, ಮನೆಯಲ್ಲಿ ಇನ್ನೂ ಬಾಯಿ ಬಿಡದವರಿದ್ದಾರೆ. ಸರ್ಕಾರಿ ಹುದ್ದೆಯ ಪರೀಕ್ಷೆ ಬರೆದು ಬರೆದು ವಯಸ್ಸಿನ ಮಿತಿ ಹತ್ತಿರ ಬಂದವರಿದ್ದಾರೆ. ಮಂಡ್ಯದ ಕಡೆ ನಾಲೆಯಲ್ಲಿ ನೀರು ಬರದೆ ಕಬ್ಬು ಒಣಗಿ, ಸಾಲದ ಕಂತು ಮಾತ್ರ ಸರಿಯಾದ ದಿನಕ್ಕೆ ಬಂದು ನಿಲ್ಲುವ ಮನೆಗಳಿವೆ. ಸ್ಕ್ಯಾನ್ ರಿಪೋರ್ಟು ಹಿಡಿದು ಡಾಕ್ಟರು ಕರೆಯುವ ದಿನಕ್ಕೆ ಕಾಯುತ್ತಿರುವವರಿದ್ದಾರೆ. ಇವರಲ್ಲಿ ಎಷ್ಟೋ ಜನ ಭಾನುವಾರ ತಪ್ಪಿಸದೆ ಚರ್ಚಿಗೆ ಬರುವವರು, ಬೈಬಲ್ ಓದುವವರು. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಅದರ ಜೊತೆಗೆ "ನಂಬಿಕೆ ಇರುವವರಿಗೆ ಹೀಗಾಗಬಾರದಲ್ವಾ?" ಅನ್ನುವ ಇನ್ನೊಂದು ಭಾರ ಸೇರಿಕೊಳ್ಳುತ್ತದೆ.

ಮೊದಲು ಆ ಎರಡನೇ ಭಾರವನ್ನು ಇಳಿಸಿಬಿಡೋಣ. ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಶಿಷ್ಯರಿಗೆ ಹೇಳಿದ್ದೇನು? ತನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಅಂತ. ಪೌಲನೂ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ ಶುರುವಿನಲ್ಲೇ, ತಡೆಯಲಾರದಷ್ಟು ಕಷ್ಟ ಬಂದು ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಹಾಗಿದ್ದ ಮೇಲೆ ನಿಮ್ಮ ನಿದ್ದೆಗೆಟ್ಟ ರಾತ್ರಿಗಳು ನಿಮ್ಮ ನಂಬಿಕೆ ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ.

ಯೋಹಾನ 16:33ರಲ್ಲಿ ಎರಡು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಲೋಕದಲ್ಲಿ ನಿಮಗೆ ಸಂಕಟ ಉಂಟು, ನನ್ನಲ್ಲಿ ನಿಮಗೆ ಸಮಾಧಾನ ಉಂಟು. ಸಂಕಟ ಮುಗಿದ ಮೇಲೆ ಸಮಾಧಾನ ಬರುತ್ತದೆ ಎಂದು ಅಲ್ಲಿ ಹೇಳಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಕೆಲಸ ಸಿಗಲಿ, ಸಾಲ ತೀರಲಿ, ಆಮೇಲೆ ನೆಮ್ಮದಿಯಾಗಿ ದೇವರ ಹತ್ತಿರ ಕೂತುಕೊಳ್ಳುತ್ತೇನೆ ಎಂದುಕೊಂಡಿರುತ್ತೇವೆ. ಉತ್ತರ ಇನ್ನೂ ಬಾರದಿರುವಾಗ, ಇವತ್ತಿನ ದಿನದಲ್ಲೇ ದೇವರ ಜೊತೆ ಇರುವುದು ಹೇಗೆ ಎಂಬುದಕ್ಕೆ ಮುಂದಿನ ಹೆಜ್ಜೆಗಳು. ಅವಸರ ಬೇಡ. ಒಂದು ಹೆಜ್ಜೆಗೆ ಒಂದು ವಾರ ಹಿಡಿದರೂ ಪರವಾಗಿಲ್ಲ.

ಹೆಜ್ಜೆ 1: ಊಟ, ನಿದ್ದೆ. ದೊಡ್ಡ ತೀರ್ಮಾನ ಯಾವುದೂ ಬೇಡ

1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಎಲೀಯ ದೊಡ್ಡ ಪ್ರವಾದಿ. ಆದರೂ ಜೀವಬೆದರಿಕೆ ಬಂದಾಗ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡ. ಹಾಗೇ ನಿದ್ದೆ ಹೋದ. ದೇವದೂತ ಬಂದು ಏನು ಮಾಡಿದ? ಬುದ್ಧಿ ಹೇಳಲಿಲ್ಲ, ಗದರಿಸಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಎಂದ. ಹೊರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತುಕತೆ ನಡೆದದ್ದು ಇಷ್ಟೆಲ್ಲಾ ಆದ ಮೇಲೆ.

ಹಾಗಾಗಿ ಪೆಟ್ಟು ಬಿದ್ದ ಮೊದಲ ಕೆಲವು ದಿನ ದೊಡ್ಡ ಉಪವಾಸ ಪ್ರಾರ್ಥನೆಗೆ ಕೈ ಹಾಕಬೇಡಿ. ಹೊತ್ತಿಗೆ ಸರಿಯಾಗಿ ಮುದ್ದೆಯೋ ಅನ್ನವೋ ಉಣ್ಣಿ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ. ಸಂಜೆ ಅರ್ಧ ಗಂಟೆ ನಡೆಯಿರಿ. ಮದ್ಯದ ಕಡೆ ಹೋಗಬೇಡಿ. ಅದು ಕೊಡುವ ನಿದ್ದೆ ನಿದ್ದೆಯಲ್ಲ.

ಇನ್ನೊಂದು ಮಾತು, ಸಂತ ಇಗ್ನೇಷಿಯಸ್ ಲೊಯೋಲಾ ಅವರದು. ಅವರು ಸ್ಪೇನ್ ದೇಶದ ಸೈನಿಕ. 1521ರಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗಿದಾಗ, ಮನಸ್ಸು ಯಾವಾಗ ಏಳುತ್ತದೆ, ಯಾವಾಗ ಬೀಳುತ್ತದೆ ಎಂದು ಗಮನಿಸುವುದನ್ನು ಕಲಿತರು. ಅವರು ಕೊಟ್ಟ ನಿಯಮಗಳಲ್ಲಿ ಒಂದು ನನಗೆ ಬಹಳ ಬೆಲೆಯುಳ್ಳದ್ದು ಅನಿಸುತ್ತದೆ. ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಅಂದರೆ ಈ ದಿನಗಳಲ್ಲಿ ಜಮೀನು ಮಾರುವುದು, ಓದು ಬಿಡುವುದು, ಮದುವೆ ಮಾತು ಮುರಿಯುವುದು, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವುದು, ಇವು ಯಾವುವೂ ಬೇಡ. ಸಹಿ ಹಾಕು ಎಂದು ಯಾರಾದರೂ ಅವಸರ ಮಾಡಿದರೆ, "ಅಣ್ಣಾ, ಹದಿನೈದು ದಿನ ಬಿಟ್ಟು ಹೇಳ್ತೀನಿ" ಅನ್ನಿ.

ಎಲೀಯನ ಹಾಗೆ ನಿಮಗೂ "ಸಾಕು, ಬದುಕೇ ಬೇಡ" ಅನಿಸುತ್ತಿದ್ದರೆ ಇವತ್ತೇ ಒಬ್ಬರಿಗೆ ಬಾಯಿ ಬಿಟ್ಟು ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರಿಂದ ಇದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ದೇವರ ಮೇಲೆ ನಂಬಿಕೆ ಇಲ್ಲ ಎಂದ ಹಾಗಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಮೈಸೂರಿನಲ್ಲಿ ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು 1906ರಲ್ಲಿ ಶುರು ಮಾಡಿದ್ದೇ ಸಭೆಯವರು. ಪ್ರಾರ್ಥನೆ ಸಾಕು, ಔಷಧ ಬೇಡ ಎಂದು ಅವರು ಅಂದುಕೊಂಡಿದ್ದರೆ ಅಲ್ಲಿ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ.

ಹೆಜ್ಜೆ 2: ದೇವರ ಮುಂದೆ ನಿಜ ಹೇಳಿ

ನಮ್ಮ ಪ್ರಾರ್ಥನೆಗೆ ಒಂದು ಅಭ್ಯಾಸ ಬಿದ್ದುಬಿಟ್ಟಿರುತ್ತದೆ. ಬಾಯಿ ತೆರೆದ ಕೂಡಲೇ ಸ್ತೋತ್ರ, ಸ್ತೋತ್ರ. ಒಳಗೆ ಮಾತ್ರ ಉರಿ. ಬೈಬಲಿನ ಕೀರ್ತನೆಗಳನ್ನು ಬರೆದವರು ಹಾಗೆ ಮಾಡಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಳಲಿನ ಕೀರ್ತನೆಗಳೇ.

13ನೇ ಕೀರ್ತನೆಯಿಂದ ಶುರು ಮಾಡಿ. ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ "ಇನ್ನೂ ಎಷ್ಟು ಕಾಲ?" ಎಂಬ ಪ್ರಶ್ನೆ ಬರುತ್ತದೆ. ಮುಂದಿನ ಎರಡರಲ್ಲಿ ನೇರ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ಇದನ್ನು ಗಟ್ಟಿಯಾಗಿ ಒಂದು ಸಲ ಓದಿ. ಆಮೇಲೆ ಒಂದು ನೋಟ್ ಪುಸ್ತಕದಲ್ಲಿ ಅದೇ ದಾರಿಯಲ್ಲಿ ನಿಮ್ಮದನ್ನು ಬರೆಯಿರಿ. ಗ್ರಂಥದ ಭಾಷೆ ಬೇಡ, ಮನೆಯಲ್ಲಿ ಮಾತಾಡುವ ಕನ್ನಡ ಸಾಕು. ಹೀಗೆ:

"ತಂದೆಯೇ, ಇನ್ನೂ ಎಷ್ಟು ದಿನ ನಾನು ಟಿಫಿನ್ ಬಾಕ್ಸ್ ಹಿಡ್ಕೊಂಡು ಕೆಲಸಕ್ಕೆ ಹೋಗೋ ಥರ ಮನೆಯಿಂದ ಹೊರಡಬೇಕು? ಮಗಳ ಕಾಲೇಜು ಫೀಸು ಜೂನ್‌ನಲ್ಲಿ ಕಟ್ಟಬೇಕು. ನೀನು ನೋಡ್ತಾ ಇದ್ದೀಯಾ? ನನಗೆ ಭಯ ಆಗ್ತಿದೆ. ಶನಿವಾರದ ಇಂಟರ್‌ವ್ಯೂಗೆ ದಾರಿ ಮಾಡು. ಇವತ್ತು ರಾತ್ರಿ ಹೆಂಡತಿಗೆ ನಿಜ ಹೇಳೋಕೆ ಧೈರ್ಯ ಕೊಡು. ನನ್ನ ಅಪ್ಪ ತೀರಿಕೊಂಡ ವರ್ಷ ನೀನು ನಮ್ಮನ್ನ ಬಿಡಲಿಲ್ಲ, ಅದು ನನಗೆ ನೆನಪಿದೆ."

ಕೊನೆಯ ಸಾಲನ್ನು ಗಮನಿಸಿ. ಎಲ್ಲ ಸರಿಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಹಿಂದೆ ನಡೆದ ಒಂದು ನಿಜವನ್ನು ಮಾತ್ರ ಹೇಳುತ್ತದೆ. ಭರವಸೆಯ ಭಾಗ ಬರೆಯಲು ಕೈ ಬಾರದಿದ್ದರೆ ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೆ ಒಂದು ಸಂತೋಷದ ವಚನ ಸೇರಿಸಬೇಕು ಎಂದು ಯಾರಿಗೂ ಅನಿಸಲಿಲ್ಲ. ಹಾಗೇ ಅದನ್ನು ದೇವರ ವಾಕ್ಯದಲ್ಲಿ ಉಳಿಸಿಕೊಂಡರು.

ಮಾತೇ ಹೊರಡದಿದ್ದರೆ? 1 ಸಮುವೇಲ 1ನೇ ಅಧ್ಯಾಯದಲ್ಲಿ ಮಕ್ಕಳಿಲ್ಲದ ಕೊರಗಿನಲ್ಲಿ ಪ್ರಾರ್ಥಿಸುವ ಹನ್ನಳನ್ನು ನೋಡಿ. ತುಟಿ ಮಾತ್ರ ಅಲುಗುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಪಕ್ಕದಲ್ಲಿದ್ದ ಯಾಜಕನಿಗೆ ಅರ್ಥವಾಗದ ಪ್ರಾರ್ಥನೆ ದೇವರಿಗೆ ಅರ್ಥವಾಯಿತು. ಜೋರಾಗಿ ಕೂಗಿ ಪ್ರಾರ್ಥಿಸುವ ಕೂಟಗಳಲ್ಲಿ ಸುಮ್ನೆ ಕೂತು ಅಳುವವರನ್ನು ಕಂಡರೆ ನನಗೆ ಹನ್ನಳ ನೆನಪಾಗುತ್ತದೆ. ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದು ರೋಮ 8:26 ಹೇಳುತ್ತದೆ.

ಇದಕ್ಕೆ ಒಂದು ಜಾಗ ಬೇಕು. ಮನೆ ಚಿಕ್ಕದು, ಮಕ್ಕಳ ಗಲಾಟೆ ಅನ್ನುವವರು ನಿಮ್ಮ ಚರ್ಚಿನ ಬಾಗಿಲು ವಾರದ ದಿನ ಯಾವಾಗ ತೆರೆದಿರುತ್ತದೆ ಎಂದು ಕೇಳಿಕೊಳ್ಳಿ. ಮೈಸೂರಿನವರಿಗೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಆ ದೊಡ್ಡ ಮಂದಿರಕ್ಕೆ ಪ್ರವಾಸಿಗರು ಜಾಸ್ತಿ ಬರುತ್ತಾರೆ, ಆದರೂ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಳ್ಳಿಯಲ್ಲಿರುವವರಿಗೆ ಬೆಳಗಿನ ಜಾವದ ಮಾಳಿಗೆ ಸಾಕು.

ಹೆಜ್ಜೆ 3: ಇವತ್ತಿನದನ್ನು ನಾಳೆಯದರಿಂದ ಬೇರೆ ಮಾಡಿ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ "ಈ ವಾರ ನಾನು ಮಾಡಬಹುದಾದದ್ದು". ಬಲಗಡೆ "ನನ್ನ ಕೈಯಲ್ಲಿ ಇಲ್ಲದ್ದು". ತಲೆಯಲ್ಲಿ ಸುತ್ತುತ್ತಿರುವ ಒಂದೊಂದನ್ನೂ ಯಾವುದಾದರೂ ಒಂದು ಕಡೆ ಬರೆಯಲೇಬೇಕು. ಮಳೆ, ಕಂಪನಿಯ ಉತ್ತರ, ರಿಪೋರ್ಟಿನ ಫಲ, ಅಣ್ಣ ತಮ್ಮಂದಿರ ಮನಸ್ಸು, ಇವೆಲ್ಲ ಬಲಕ್ಕೆ.

ಬಲಗಡೆಯದನ್ನು ಒಂದೊಂದಾಗಿ ಓದಿ ದೇವರಿಗೆ ಒಪ್ಪಿಸಿ. ಫಿಲಿಪ್ಪಿ 4:6-7 ಕಲಿಸುವುದು ಇದನ್ನೇ. ಚಿಂತೆಯ ಬದಲು ಬೇಡಿಕೆ, ಬೇಡಿಕೆಯ ಜೊತೆ ಕೃತಜ್ಞತೆ, ಆಗ ನಮ್ಮ ಗ್ರಹಿಕೆಗೆ ಮೀರಿದ ದೇವಶಾಂತಿ ಹೃದಯವನ್ನು ಕಾಯುತ್ತದೆ. ಪೌಲ ಈ ಪತ್ರಿಕೆ ಬರೆದದ್ದು ಸೆರೆಯಲ್ಲಿ ಕೂತು. ಬಿಡುಗಡೆಯೋ ಮರಣವೋ ಅವನಿಗೇ ಗೊತ್ತಿರಲಿಲ್ಲ. ಅದೇ ಅಧ್ಯಾಯದಲ್ಲಿ ಅವನು ಯಾವ ಸ್ಥಿತಿಯಲ್ಲೂ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಪೌಲನಿಗೇ ಕಲಿಯಬೇಕಾಯಿತು ಅಂದರೆ ನಮಗೂ ಕಾಲ ಹಿಡಿಯುತ್ತದೆ, ಅಲ್ವಾ?

ಎಡಗಡೆಯದು ಕೆಲಸ. ಪ್ರಾರ್ಥನೆ ಮಾಡಿದೆ ಎಂದು ಅದನ್ನು ಬಿಡುವಂತಿಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ವೈರಿಗಳು ಬಂದರೆ ನೆಹೆಮೀಯನ ಜನ ದೇವರಿಗೆ ಪ್ರಾರ್ಥಿಸಿದರು, ಹಗಲು ರಾತ್ರಿ ಕಾವಲೂ ಹಾಕಿದರು. ಎರಡೂ ಒಂದೇ ವಚನದಲ್ಲಿದೆ, ನೆಹೆಮೀಯ 4:9. ಕೆಲಸ ಹೋದವರು ಅನುಭವ ಪತ್ರ, ಕೊನೆಯ ತಿಂಗಳ ಸಂಬಳದ ಚೀಟಿ, ಪಿಎಫ್ ಕಾಗದ ಕೇಳಿ ತೆಗೆದಿಟ್ಟುಕೊಳ್ಳಿ. ಫಸಲ್ ಬಿಮೆ, ಅಂದರೆ ಬೆಳೆ ವಿಮೆ, ಮಾಡಿಸಿದವರು ಆಲಿಕಲ್ಲು ಬಿದ್ದೋ ನೀರು ನಿಂತೋ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ಸಾಲದವರು ಬಂದು ಮನೆ ಮುಂದೆ ಕೂಗಾಡಿ ಮರ್ಯಾದೆ ತೆಗೆಯುತ್ತಿದ್ದರೆ, ಅಂಥ ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100. ಭಕ್ತಿಯ ಬರಹದಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ಒಂದು ಅರ್ಜಿ ಬರೆದು ಕೊಟ್ಟು ಬಂದ ರಾತ್ರಿ ಪ್ರಾರ್ಥನೆಯೇ ಬೇರೆ ಥರ ಇರುತ್ತದೆ.

ಎಡಗಡೆಯ ಪಟ್ಟಿಯೂ ಉದ್ದವಾದರೆ ಭಯವಾಗುತ್ತದೆ. ಅದಕ್ಕೆ ವಿಮೋಚನಕಾಂಡ 16. ಅಡವಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಕೊಟ್ಟದ್ದು ಆಯಾ ದಿನಕ್ಕೆ ಬೇಕಾದಷ್ಟು. ನಾಳೆಗೂ ಇರಲಿ ಎಂದು ಎತ್ತಿಟ್ಟದ್ದಕ್ಕೆ ಹುಳು ಬಿತ್ತು. ಸಬ್ಬತ್ತು ಎಂಬ ವಿಶ್ರಾಂತಿ ದಿನದ ಹಿಂದಿನ ದಿನ ಮಾತ್ರ ಎರಡು ಪಾಲು ಕೂಡಿಸಿಕೊಳ್ಳಲು ಅವನೇ ಹೇಳಿದ. ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು ಎಂದು ಕರ್ತನು ಕಲಿಸಿದ ಪ್ರಾರ್ಥನೆಯ ಹಿಂದೆ ಈ ಮನ್ನ ಇದೆ. ಹಾಗಾಗಿ ಪಟ್ಟಿಯಿಂದ ದಿನಕ್ಕೆ ಒಂದೋ ಎರಡೋ ಮಾತ್ರ ಆರಿಸಿ, ಮುಗಿಸಿ, ಗೀಟು ಹಾಕಿ. ಉಳಿದದ್ದು ನಾಳೆಗೆ.

ಹೆಜ್ಜೆ 4: ದಿನಕ್ಕೆ ಒಂದು ಕ್ರಮ

ಬೆಳಗ್ಗೆ ಹದಿನೈದು ನಿಮಿಷ, ರಾತ್ರಿ ಹತ್ತು ನಿಮಿಷ. ಇದಕ್ಕಿಂತ ಜಾಸ್ತಿ ಶುರುವಿನಲ್ಲಿ ಬೇಡ.

ಬೆಳಗ್ಗೆ ಎದ್ದ ಕೂಡಲೇ ಫೋನ್ ನೋಡುವ ಮೊದಲು ಒಂದು ಭಾಗ ಓದಿ. ಮೊದಲ ವಾರ ಕೀರ್ತನೆಗಳು ಸಾಕು: 42, 46, 62, 77, 121, 131. ಇದರಲ್ಲಿ 77 ನಿದ್ದೆ ಬಾರದವನ ಕೀರ್ತನೆ. ನೀನು ನನ್ನ ರೆಪ್ಪೆ ಮುಚ್ಚಲು ಬಿಡುತ್ತಿಲ್ಲ ಎಂದು ದೇವರ ಮೇಲೇ ದೂರು. ಎರಡನೇ ವಾರ ಆದಿಕಾಂಡ 37ರಿಂದ ಯೋಸೇಫನ ಕಥೆ, ನಿಧಾನವಾಗಿ. ಅದರಲ್ಲಿ ಒಂದು ಜಾಗವನ್ನು ಓಡಿಸಿಬಿಡಬೇಡಿ. ಸೆರೆಯಲ್ಲಿದ್ದಾಗ ಯೋಸೇಫ, ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದ ಪಾನದಾಯಕನಿಗೆ ಸಹಾಯ ಮಾಡಿ, ನನ್ನನ್ನು ನೆನಪಿಡು ಅನ್ನುತ್ತಾನೆ. 40ನೇ ಅಧ್ಯಾಯ ಮುಗಿಯುವುದೇ ಅವನು ಮರೆತುಬಿಟ್ಟ ಎಂದು. 41 ಶುರುವಾಗುವುದು "ಎರಡು ವರ್ಷವಾದ ಮೇಲೆ" ಎಂದು. ಆ ಎರಡು ವರ್ಷದ ಬಗ್ಗೆ ಬೈಬಲಿನಲ್ಲಿ ಒಂದು ಸಾಲೂ ಇಲ್ಲ. ನೇಮಕಾತಿ ಪಟ್ಟಿಗೆ ಕಾಯುವವರು ಅಲ್ಲೇ ಒಂದು ದಿನ ನಿಂತು ಯೋಚಿಸಬಹುದು. ಆಮೇಲೆ ಫಿಲಿಪ್ಪಿ ಪತ್ರಿಕೆಯ ನಾಲ್ಕೂ ಅಧ್ಯಾಯ, ಯೋಹಾನ 14ರಿಂದ 16, ರೋಮ 8.

ಓದಿದ ಮೇಲೆ ಕರ್ತನ ಪ್ರಾರ್ಥನೆಯನ್ನು ಒಂದೊಂದು ತುಂಡಾಗಿ, ನಡುವೆ ಉಸಿರು ಬಿಟ್ಟು, ಹೇಳಿ. ಕಥೋಲಿಕರು ಜಪಸರದ ಒಂದು ಹತ್ತು ಮಣಿ ಹೇಳಬಹುದು. ಬಾಯಿಪಾಠದ ಪ್ರಾರ್ಥನೆಯಲ್ಲಿ ಮನಸ್ಸು ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸ್ವಂತ ಮಾತು ಬತ್ತಿದ ದಿನ, ಅಜ್ಜಿ ಕಲಿಸಿದ ಪ್ರಾರ್ಥನೆಯೇ ಕೈ ಹಿಡಿಯುತ್ತದೆ.

ರಾತ್ರಿಯ ಹತ್ತು ನಿಮಿಷಕ್ಕೆ ಮತ್ತೆ ಇಗ್ನೇಷಿಯಸ್ ಅವರ ದಾರಿ. ದೇವರೇ, ನಿನ್ನ ಬೆಳಕಿನಲ್ಲಿ ಈ ದಿನ ತೋರಿಸು ಎಂದು ಕೇಳಿ. ಸಿಕ್ಕಿದ ಒಳ್ಳೆಯದಕ್ಕೆ ಕೃತಜ್ಞತೆ ಹೇಳಿ. ಬೆಳಗ್ಗೆಯಿಂದ ನಡೆದದ್ದನ್ನು ಹೊತ್ತು ಹೊತ್ತಾಗಿ ನೆನೆಯಿರಿ. ಎಲ್ಲಿ ಮನಸ್ಸು ಹಗುರಾಯಿತು, ಎಲ್ಲಿ ಮುದುಡಿತು, ಯಾರ ಮೇಲೆ ರೇಗಿದಿರಿ, ನೋಡಿ. ತಪ್ಪಿಗೆ ಕ್ಷಮೆ ಕೇಳಿ. ನಾಳೆಗೆ ಒಂದೇ ಒಂದು ಸಹಾಯ ಬೇಡಿ. ನೋಟ್ ಪುಸ್ತಕದಲ್ಲಿ ತಾರೀಕು ಹಾಕಿ ಒಂದು ಸಾಲು ಬರೆಯಿರಿ. ತಾರೀಕು ಮುಖ್ಯ, ಮೂರು ತಿಂಗಳ ನಂತರ ತಿರುಗಿಸಿ ನೋಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ನಡುರಾತ್ರಿ ಎಚ್ಚರವಾದರೆ ಲೆಕ್ಕ ಹಾಕಲು ಕೂರಬೇಡಿ. ಆ ಹೊತ್ತಿನ ಲೆಕ್ಕ ಯಾವುದೂ ಸರಿ ಇರುವುದಿಲ್ಲ. ಎದ್ದು ನೀರು ಕುಡಿದು, 121ನೇ ಕೀರ್ತನೆಯನ್ನು ಬಾಯಿಪಾಠವಾಗಿ ಹೇಳಿ. ಎಂಟೇ ವಚನ, ಒಂದು ವಾರದಲ್ಲಿ ಕಲಿಯಬಹುದು. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬ ಮಾತು ಅದರಲ್ಲಿದೆ. ಅವನು ಎಚ್ಚರವಾಗಿದ್ದಾನೆ, ನೀವು ಮಲಗಬಹುದು.

ಹೆಜ್ಜೆ 5: ಒಬ್ಬರಿಗೆ ಹೇಳಿ

ನಮ್ಮ ಊರುಗಳಲ್ಲಿ ಇದು ಎಲ್ಲಕ್ಕಿಂತ ಕಷ್ಟ. ಆರಾಧನೆ ಮುಗಿದು ಹೊರಗೆ ಬಂದರೆ "ಏನಪ್ಪಾ, ಈಗ ಎಲ್ಲಿ ಕೆಲಸ?" ಅನ್ನುವವರು ನಾಲ್ಕು ಜನ. ಆ ಪ್ರಶ್ನೆಗೆ ಹೆದರಿ ಚರ್ಚನ್ನೇ ಬಿಡುವವರಿದ್ದಾರೆ. ಬಿಡಬೇಡಿ. ಎಲ್ಲರಿಗೂ ಹೇಳಬೇಕಾಗಿಲ್ಲ, ಒಬ್ಬರಿಗೆ ಹೇಳಿದರೆ ಸಾಕು. ಮಾತು ಹೊರಗೆ ಬಿಡದ ಒಬ್ಬ ಹಿರಿಯರು, ನಿಮ್ಮ ಅಯ್ಯನವರು ಅಥವಾ ಫಾದರ್, ಸ್ತ್ರೀಯರ ಕೂಟದಲ್ಲಿ ನಿಮಗೆ ಹತ್ತಿರವಾದ ಒಬ್ಬ ಅಕ್ಕ. ಶುರು ಹೇಗೆ ಮಾಡುವುದು ಎಂಬುದೇ ತೊಡಕಾಗಿದ್ದರೆ ಇಷ್ಟು ಸಾಕು:

"ಅಯ್ಯನವರೇ, ನನಗೆ ಕೆಲಸ ಹೋಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನೀವು ಉಪಾಯ ಏನೂ ಹೇಳಬೇಡಿ, ಸ್ವಲ್ಪ ಹೊತ್ತು ಜೊತೆಗೆ ಕೂತ್ಕೊಳ್ಳಿ."

"ಬಾ ಮಗಾ. ಕಾಫಿ ಕುಡಿ ಮೊದಲು."

ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕಷ್ಟದಲ್ಲಿರುವವರ ಮನೆಗೆ ಹೋಗುವ ಸಭೆಯವರು ದಯವಿಟ್ಟು ಇದನ್ನು ನೆನಪಿಡಿ. "ಏನೋ ಪಾಪ ಇರಬೇಕು", "ದೇವರ ಚಿತ್ತ ಬಿಡಿ", ಈ ಎರಡು ಮಾತು ಆ ಹೊತ್ತಿಗೆ ಬೇಡ. ಒಂದು ಚೀಲ ಅಕ್ಕಿ ತೆಗೆದುಕೊಂಡು ಹೋಗಿ. ಅವರ ವಿಷಯವನ್ನು ಪ್ರಾರ್ಥನೆಗೆ ಎಂದು ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಅವರನ್ನು ಕೇಳಿ.

ಸಹಾಯ ಬಂದರೆ ತೆಗೆದುಕೊಳ್ಳಿ. ಎಲ್ಲಾ ಸ್ಥಿತಿಯಲ್ಲೂ ತೃಪ್ತಿ ಕಲಿತೆ ಎಂದ ಅದೇ ಪೌಲ, ನಾಲ್ಕು ವಚನ ದಾಟುವುದರಲ್ಲೇ, ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಫಿಲಿಪ್ಪಿ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ಕಾಣಿಕೆಯನ್ನು ಸಂತೋಷದಿಂದ ತೆಗೆದುಕೊಂಡ.

ಹೆಜ್ಜೆ 6: ವಾಗ್ದಾನಗಳನ್ನು ಪೂರ್ತಿ ಓದಿ

ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ತೆಗೆಯುವ ಪದ್ಧತಿ ಎಷ್ಟೋ ಸಭೆಗಳಲ್ಲಿದೆ. ಕ್ಯಾಲೆಂಡರು, ಗೋಡೆ ಚಿತ್ರ, ಮದುವೆ ಕಾಗದ, ಎಲ್ಲ ಕಡೆ ಕಾಣುವ ವಚನ ಯೆರೆಮೀಯ 29:11. ದೇವರು ನಮ್ಮ ಬಗ್ಗೆ ಮಾಡಿಕೊಂಡಿರುವ ಯೋಚನೆಗಳು ಕೇಡಿನವಲ್ಲ, ಹಿತದವು ಎಂಬ ಭರವಸೆ. ಒಳ್ಳೆಯ ವಚನ. ಆದರೆ ಅದರ ಹಿಂದಿನದನ್ನೂ ಓದಬೇಕು.

ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ. ಊರು, ದೇವಾಲಯ, ಗೌರವ ಎಲ್ಲ ಕಳೆದುಕೊಂಡ ಜನ ಅವರು. ಅದಕ್ಕೆ ಮೊದಲು, 28ನೇ ಅಧ್ಯಾಯದಲ್ಲಿ, ಹನನ್ಯ ಎಂಬ ಪ್ರವಾದಿ ಯೆರೂಸಲೇಮಿನ ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಎಂದು ಸಾರಿದ್ದ. ಜನಕ್ಕೆ ಕೇಳಲು ಬೇಕಾಗಿದ್ದದ್ದು ಅದೇ. ಅದು ಸುಳ್ಳು. ಯೆರೆಮೀಯನ ಕಾಗದ ಎಪ್ಪತ್ತು ವರ್ಷ ಎಂದಿತು. ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚಿನವರು ತಿರುಗಿ ಊರು ನೋಡುವಂತಿರಲಿಲ್ಲ. ಹಿತದ ಯೋಚನೆ ಎಂಬ ಮಾತನ್ನು ದೇವರು ಹೇಳಿದ್ದು ಅಂಥವರಿಗೆ. ಜೊತೆಗೆ ಹೀಗೂ ಹೇಳಿದ: ಅಲ್ಲೇ ಮನೆ ಕಟ್ಟಿ ವಾಸ ಮಾಡಿ, ತೋಟ ಹಾಕಿ ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ಮಕ್ಕಳನ್ನು ಪಡೆಯಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ನನಗೆ ಈ ಕಾಗದದಷ್ಟು ಧೈರ್ಯ ಕೊಟ್ಟ ಭಾಗ ಇನ್ನೊಂದಿಲ್ಲ. ಕಾಯುವ ಕಾಲವನ್ನು ದೇವರು ಬದುಕಿನ ಲೆಕ್ಕದಿಂದ ಹೊರಗಿಡುವುದಿಲ್ಲ. ಹಾಗಾಗಿ "ಕೆಲಸ ಸಿಕ್ಕ ಮೇಲೆ" ಎಂದು ಮುಂದೂಡಿದ ಸಣ್ಣ ಸಣ್ಣ ವಿಷಯಗಳನ್ನು ಈಗಲೇ ಶುರು ಮಾಡಿ. ಮನೆ ಹಿಂದೆ ಸೊಪ್ಪು ಹಾಕಿ. ಮಗನಿಗೆ ಲೆಕ್ಕ ಹೇಳಿಕೊಡಿ. ಮಾತು ಬಿಟ್ಟ ತಂಗಿಗೆ ಫೋನ್ ಮಾಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಕೂತಿರುತ್ತಾರೆ. ಒಂದು ಫ್ಲಾಸ್ಕ್ ಕಾಫಿ ಹಿಡಿದು ಹೋಗಿ, ಅವರ ಮಾತು ಕೇಳಿ.

ಇವತ್ತಿನ ಹನನ್ಯರ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಈ ನಂಬರಿಗೆ ಕಾಣಿಕೆ ಕಳಿಸಿ, ಇಷ್ಟು ದಿನದಲ್ಲಿ ಸಾಲ ತೀರುತ್ತದೆ, ಮಾತ್ರೆ ಬಿಡಿ, ನಂಬಿದರೆ ಸಾಕು ಅನ್ನುವವರು ಯಾರೇ ಆಗಿರಲಿ, ದೂರ ಇರಿ. ಬಡವರ ಕೊನೆಯ ದುಡ್ಡನ್ನು ದೇವರ ಹೆಸರಿನಲ್ಲಿ ಕೀಳುವುದನ್ನು ಕಂಡರೆ ನನಗೆ ಸಂಕಟ, ಕೋಪ ಎರಡೂ ಬರುತ್ತದೆ. ಫಲ ಸಿಗದಿದ್ದಾಗ ಅವರೇ "ನಿನ್ನ ನಂಬಿಕೆ ಸಾಲದು" ಎಂದು ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಾರೆ.

ಹಾಗಾದರೆ ಬೇಡಿಕೊಳ್ಳಬಾರದೇ? ಖಂಡಿತ ಬೇಡಬೇಕು. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಮೈಸೂರು ಜಿಲ್ಲೆಯ ದೋರನಹಳ್ಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಜನ, ಕ್ರೈಸ್ತರು ಮಾತ್ರ ಅಲ್ಲ, ಎಲ್ಲರೂ, ಒಂದಲ್ಲ ಒಂದು ಬೇಡಿಕೆ ಹೊತ್ತೇ ಬರುತ್ತಾರೆ. ಬೇಡುವ ರೀತಿಯನ್ನು ಗೆತ್ಸೇಮನೆಯಲ್ಲಿ ಕಲಿಯೋಣ. ಯೇಸು ತನಗೆ ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿದ: ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ. ಆಮೇಲೆ, ನನ್ನ ಚಿತ್ತದಂತೆ ಅಲ್ಲ, ನಿನ್ನ ಚಿತ್ತದಂತೆ ಆಗಲಿ ಎಂದ. ಮೂರು ಸಲ ಅದನ್ನೇ ಬೇಡಿದ ಎಂದು ಮತ್ತಾಯ ಬರೆದಿದ್ದಾನೆ. ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ತರುವುದು ಅವಿಶ್ವಾಸವಲ್ಲ. ಪೌಲನೂ ತನ್ನ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ನೀವೂ ಹಾಗೇ ಮಾಡಿ. ಏನು ಬೇಕೋ ಹೆಸರು ಹಿಡಿದು ಕೇಳಿ. ಕೇಳಿದ ಮೇಲೆ, ಇದು ಆಗದಿದ್ದರೂ ನನ್ನ ಜೊತೆ ಇರು ಎಂದು ಸೇರಿಸಿ. ಆ ಎರಡನೇ ಸಾಲು ಬಾಯಿಗೆ ಬರಲು ವಾರಗಳೇ ಬೇಕಾಗಬಹುದು. ಬರುವವರೆಗೆ ಮೊದಲ ಸಾಲನ್ನೇ ಹೇಳುತ್ತಿರಿ.

ಹೆಜ್ಜೆ 7: ಏನೂ ಬದಲಾಗದಿದ್ದಾಗ

ಎರಡು ಮೂರು ತಿಂಗಳಾಯಿತು, ಹೊರಗಿನ ಸ್ಥಿತಿ ಹಾಗೇ ಇದೆ ಎಂದುಕೊಳ್ಳಿ. ಆಗ ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕ ಓದಿ. ಮೂರೇ ಅಧ್ಯಾಯ. ಶುರುವಾಗುವುದು ದೂರಿನಿಂದ. ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಿಡಿಯದಿದ್ದರೂ, ಹೊಲಗಳು ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ಕರ್ತನಲ್ಲಿ ಸಂತೋಷಪಡುವೆನು ಅನ್ನುತ್ತಾನೆ. ಮಂಡ್ಯದ ರೈತನಿಗೆ ಈ ಪಟ್ಟಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಹಬಕ್ಕೂಕ ನಷ್ಟವನ್ನು ಒಂದೊಂದಾಗಿ ಹೆಸರಿಸಿದ ಮೇಲೆಯೇ ಆ ಮಾತು ಬರುತ್ತದೆ. ನೀವೂ ನಿಮ್ಮ ಪಟ್ಟಿ ಬರೆಯಿರಿ. ಕಬ್ಬು, ಬೋರ್‌ವೆಲ್, ಹುದ್ದೆ, ಆರೋಗ್ಯ, ಯಾವುದನ್ನೂ ಬಿಡಬೇಡಿ.

ಈಗ ಆ ನೋಟ್ ಪುಸ್ತಕ ತಿರುಗಿಸಿ. ಸಮಾಧಾನದ ಗುರುತುಗಳು ಸಣ್ಣವಾಗಿರುತ್ತವೆ. ಮಕ್ಕಳ ಮೇಲೆ ರೇಗುವುದು ಕಡಿಮೆಯಾಗಿದೆಯೇ? ಬೇರೆಯವರ ಮನೆಯ ಒಳ್ಳೆಯ ಸುದ್ದಿ ಕೇಳಿದರೆ ಮೊದಲಿನಷ್ಟು ಚುಚ್ಚುವುದಿಲ್ಲವೇ? ಎಚ್ಚರವಾದ ರಾತ್ರಿ ಮತ್ತೆ ನಿದ್ದೆ ಬರುತ್ತಿದೆಯೇ? ಹೌದಾದರೆ ಅದೇ ಕ್ರಮದಲ್ಲಿ ಮುಂದುವರಿಯಿರಿ. ಇಲ್ಲ, ಇನ್ನೂ ಕುಗ್ಗುತ್ತಿದ್ದೇನೆ ಅನಿಸಿದರೆ ಡಾಕ್ಟರನ್ನು ನೋಡುವುದನ್ನು ಇನ್ನು ಮುಂದೂಡಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಡುವೆ ಹೊಸ ಪೆಟ್ಟು ಬಿದ್ದರೆ ಮತ್ತೆ ಮೊದಲ ಹೆಜ್ಜೆಗೆ ಬನ್ನಿ, ಊಟ ಮತ್ತು ನಿದ್ದೆಗೆ. ಎಲೀಯನನ್ನು ಎಬ್ಬಿಸಲು ದೂತ ಎರಡನೇ ಸಲವೂ ಬಂದ.

ಮುಂದಿನ ಮದುವೆ ಮನೆಯಲ್ಲೋ ಕ್ರಿಸ್ಮಸ್ ಊಟದಲ್ಲೋ ಯಾರಾದರೂ ಎಲ್ಲರ ಎದುರು "ಮುಂದೇನು ಮಾಡ್ತೀಯಾ?" ಎಂದು ಕೇಳೇ ಕೇಳುತ್ತಾರೆ. ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡು ಹೋಗಿ. ಸುಳ್ಳು ಬೇಡ, ದೊಡ್ಡ ವಿವರಣೆಯೂ ಬೇಡ. "ಇನ್ನೂ ಗೊತ್ತಿಲ್ಲ ಚಿಕ್ಕಪ್ಪ. ಸೋಮವಾರ ನಂಜನಗೂಡಲ್ಲಿ ಒಂದು ಇಂಟರ್‌ವ್ಯೂ ಇದೆ. ಪ್ರಾರ್ಥನೆ ಮಾಡಿ."